ಐಬು ಹೇಳಿ ಮಾರುವ ಚಾಚಾ

ಬೆಳಗಿನ ನಮಾಜು ಮುಗಿಸಿ ಬಂದ ಚಾಚಾ ಅಂಗಡಿಯ ಬೀಗ ತೆಗೆದು, ಹಳೆಯ ಸೋಲಾರ್ ಪ್ಯಾನಲ್‌ಗಳನ್ನು ಒಂದೊಂದಾಗಿ ಹೊರಗೆ ತಂದು ಒರಗಿಸುತ್ತಾರೆ. ಗಾಜಿನ ಮುಖ ಗೋಡೆಗೆ, ಬೆನ್ನು ಬೀದಿಗೆ. ಬೇರೆಯವರು ಮಾಲಿನ ಚೆಂದದ ಮಗ್ಗುಲು ತೋರಿಸಿದರೆ ಇವರದ್ದು ಉಲ್ಟಾ ವ್ಯಾಪಾರ. ಪ್ರತಿ ಬೆನ್ನ ಮೇಲೂ ಕೆಂಪು ಬಣ್ಣದ ಗುರುತು: ಇಲ್ಲಿ ಬಿರುಕಿದೆ, ಇಲ್ಲಿ ತುಕ್ಕು ಹಿಡಿದಿದೆ. ಮಾಲಿನ ಐಬು, ಅಂದರೆ ಕುಂದು, ತಾವೇ ತೋರಿಸುವುದಕ್ಕೆ ಬೀದಿಯವರು ಇಟ್ಟ ಹೆಸರು ‘ಐಬು ಚಾಚಾ’. ಹಾಗೆಂದು ಕೂಗಿದರೆ ಖುಷಿಯಿಂದಲೇ ಓಗೊಡುತ್ತಾರೆ.

ಅರ್ಧ ಆಯುಷ್ಯ ಅವರು ಡೀಸೆಲ್ ಜನರೇಟರ್ ರಿಪೇರಿ ಮಾಡಿದವರು. ಕೈತುಂಬ ಕೆಲಸವಿತ್ತು. ಆದರೆ ಅಂಗಡಿಯ ಹೊಗೆಯೆಲ್ಲ ಪಕ್ಕದ ಮನೆಗೆ ನುಗ್ಗುತ್ತಿತ್ತು; ಅಲ್ಲಿನ ಮಗು ರಾತ್ರಿಯಿಡೀ ಕೆಮ್ಮುತ್ತಿತ್ತು.

“ಆ ಕೆಮ್ಮು ಕೇಳಿದ್ರೆ ತುತ್ತು ಗಂಟಲಲ್ಲಿ ಇಳೀತಿರಲಿಲ್ಲ. ನೆರೆಯವರ ಉಸಿರು ಕಟ್ಟಿಸಿ ದುಡಿದದ್ದು ಹೇಗೆ ಹಲಾಲ್ ಆಗುತ್ತೆ, ನೀವೇ ಹೇಳಿ?” ಎನ್ನುತ್ತಾರೆ.

ದೊಡ್ಡ ಕಟ್ಟಡಗಳವರು ಕಳಚಿ ಎಸೆದ ಪ್ಯಾನಲ್‌ಗಳನ್ನು ತಂದು, ತೊಳೆದು, ಬಿಸಿಲಿಗಿಟ್ಟು ಮೀಟರ್ ಹಿಡಿದು ನೋಡುವುದು ಈಗಿನ ಕಸುಬು. ಹೊಸದು ಕೊಳ್ಳಲಾಗದವರೇ ಗಿರಾಕಿಗಳು. ಗುರುತು ಅಳಿಸಿಕೊಟ್ಟರೆ ಇದ್ದದ್ದೆಲ್ಲ ಎತ್ತುತ್ತೇನೆಂದು ಸಗಟು ವ್ಯಾಪಾರಿಯೊಬ್ಬ ಆಗಾಗ ಬಂದು ಪುಸಲಾಯಿಸುತ್ತಾನೆ. “ಪರಿಸರದ ಕೆಲಸ ಚಾಚಾ, ಎಲ್ಲಾ ಪುಣ್ಯಾನೇ” ಎಂಬುದು ಅವನ ವಾದ. ಚಾಚಾ ಅವನಿಗೆ ಚಹಾ ಕೊಟ್ಟು ಸಾಗಹಾಕುತ್ತಾರೆ.

ಇಷ್ಟೆಲ್ಲ ಜಾಗ್ರತೆಯ ಮನುಷ್ಯನ ಕೈಯಲ್ಲೂ ಒಮ್ಮೆ ಎಡವಟ್ಟಾಯಿತು. ಆಗ ಅವರು ಗುರುತು ಹಾಕುತ್ತಿದ್ದದ್ದು ಸೀಮೆಸುಣ್ಣದಲ್ಲಿ. ಅಕಾಲದ ಮಳೆ ಬಂದು ಗುರುತೆಲ್ಲ ತೊಳೆದುಹೋಯಿತು. ಅವರಿಲ್ಲದಾಗ ಮಗಳು ಒಂದು ಪ್ಯಾನಲ್ ಮಾರಿಬಿಟ್ಟಳು. ಅದರ ಹಿಂದಿನ ವೈರಿನ ಡಬ್ಬಿ ಸುಟ್ಟಿತ್ತು. ಮುಟ್ಟಿದವರಿಗೆ ಶಾಕ್ ಹೊಡೆಯುವಂಥದ್ದು. ಕೊಂಡವರು ಯಾರೆಂದು ಮಗಳಿಗೂ ಗೊತ್ತಿರಲಿಲ್ಲ.

ಚಾಚಾ ಅಂಗಡಿ ಮುಚ್ಚಿದರು. ಮಸೀದಿಯಲ್ಲಿ ಎದ್ದುನಿಂತು ಎಲ್ಲರೆದುರು ತಪ್ಪು ಹೇಳಿಕೊಂಡರು. ತಗಡಿನ ಮಾಡು ಕಂಡಲ್ಲೆಲ್ಲ ಕತ್ತೆತ್ತಿ ನೋಡುತ್ತ ಬೀದಿ ಬೀದಿ ಅಲೆದರು. ಕೊನೆಗೆ ಸಿಕ್ಕಿದ್ದು ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆ. ಅವಳು ಪ್ಯಾನಲ್‌ನ ಪಕ್ಕದಲ್ಲೇ ತಂತಿ ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದಳು.

“ದೀಪ ಚೆನ್ನಾಗೇ ಉರೀತಿದೆಯಲ್ಲ ಚಾಚಾ?” ಎಂದಳಂತೆ.

ಚಾಚಾ ಮೊದಲು ವೈರು ಬಿಚ್ಚಿದರು, ಆಮೇಲೆ ಅಲ್ಲೇ ಕೂತು ಅತ್ತರು. ಮಾರನೆಯ ದಿನ ಒಳ್ಳೆಯ ಪ್ಯಾನಲ್ ತಂದು ಜೋಡಿಸಿದರು.

“ಮಗಳನ್ನ ಬೈಯಲಿಲ್ಲ. ಸೀಮೆಸುಣ್ಣ ನಂಬಿದ್ದು ನಾನು. ಬಿಸಿಲು ಅಲ್ಲಾಹ್ ಕೊಟ್ಟದ್ದು, ಅದರಲ್ಲಿ ಐಬಿಲ್ಲ. ಇರೋದೆಲ್ಲ ನಮ್ಮ ಕೈಯಲ್ಲೇ” ಎನ್ನುತ್ತ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾರೆ. ಮಗಳು ಆಮೇಲೆ ಬಹಳ ಕಾಲ ಗಿರಾಕಿಗಳ ಎದುರು ಬರಲೇ ಇಲ್ಲ. ಚಾಚಾರನ್ನು ಕೊರೆಯುತ್ತಿದ್ದದ್ದು ಅದೇ. ತಮ್ಮ ನಂತರ ಐಬು ಹೇಳುವವರು ಯಾರು?

ನಾವು ಮಾತಾಡುತ್ತಿರುವಾಗಲೇ ಗಿರಾಕಿಯೊಬ್ಬರು ಬರುತ್ತಾರೆ. ಚಾಚಾ ಏಳುವಷ್ಟರಲ್ಲಿ ಒಳಗಿನಿಂದ ಮಗಳು ಬಂದು ಪ್ಯಾನಲ್ ಒಂದನ್ನು ಎತ್ತಿ ಹಿಡಿಯುತ್ತಾಳೆ.

“ಬೆಲೆ ಆಮೇಲೆ ಕೇಳಿ ಅಕ್ಕಾ. ಮೊದಲು ಬೆನ್ನು ನೋಡಿ, ಇಲ್ಲೊಂದು ಐಬಿದೆ.”

ಚಾಚಾ ಮತ್ತೆ ಕೂರುತ್ತಾರೆ.