ಪಾಚಿ ಯಾವ ಕಡೆಗಿತ್ತು

ಅವರ ಅಂಗಾಲು ಬೆಳ್ಳಗೆ, ಮೆತ್ತಗೆ ಇತ್ತು. ಜೀವಮಾನವೆಲ್ಲ ಲಾರಿಯ ಕ್ಲಚ್ಚು ಬ್ರೇಕು ತುಳಿದ ಕಾಲು ಒರಟಾಗಿರಬೇಕೆಂದು ನಾನು ಎಣಿಸಿದ್ದೆ. ಹೊಳೆಯಲ್ಲಿ ನೆನೆದೂ ನೆನೆದೂ ಅದು ನೆರಿಗೆಗಟ್ಟಿತ್ತು. ಹಿಮ್ಮಡಿಯ ಅಂಚಿನಲ್ಲಿ ಚಿಪ್ಪು ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು. ಮರಳಿನೊಳಗೆ ಹುದುಗಿದ ಜೀವಂತ ಚಿಪ್ಪುಗಳನ್ನು ಅವರು ಎಣಿಸುತ್ತಿದ್ದದ್ದು ಆ ಕಾಲಿನಿಂದಲೇ.

ಯಲ್ಲಾಪುರ ಪೇಟೆಯಲ್ಲಿ ಎಲ್ಲರಿಗೂ ಅವರು ಚಾಚಾ. ಲಾರಿ ಬಿಟ್ಟ ಮೇಲೆ ಹೊಳೆಯೇ ಅವರ ಮನೆಯಾಗಿತ್ತು. ಶಿರಸಿಯ ಒಂದು ಸಂಸ್ಥೆಯವರು ನನ್ನನ್ನು ಚಿಪ್ಪು ಎಣಿಸುವ ಕೆಲಸಕ್ಕೆ ಹಾಕಿಕೊಂಡಾಗ, ಜಾಗ ಬಲ್ಲವರೆಂದು ಅವರನ್ನು ಜೊತೆ ಮಾಡಿದರು. ಕಾಡಿನ ನಡುವೆ ಹೊಳೆ ತಿರುಗುವಲ್ಲಿ ಉದ್ದನೆಯ ಮರಳ ದಂಡೆ. ಬೆಳಗಾಗುತ್ತಲೇ ನೀರುನಾಯಿಗಳು ಅಲ್ಲಿ ಚಿಪ್ಪು ಒಡೆದು ತಿನ್ನುತ್ತಿದ್ದವು. ಬಿಸಿಲೇರಿದ ಮೇಲೆ ಹತ್ತಿರದ ಕೇರಿಯ ಹೆಂಗಸರು ಬುಟ್ಟಿ ತಂದು ಸಾರಿಗೆ ಬೇಕಾದಷ್ಟು ಹೆಕ್ಕಿಕೊಂಡು ಹೋಗುತ್ತಿದ್ದರು. ಇಬ್ಬರಿಗೂ ಸಾಲುವಷ್ಟು ಇದೆಯೇ ಎಂದು ನೋಡಲು ದಂಡೆಯ ಐದು ಕಡೆ ಗೂಟ ನೆಟ್ಟಿದ್ದೆವು. ಪ್ರತಿ ಗೂಟದ ಸುತ್ತ ಇರುವ ಚಿಪ್ಪುಗಳನ್ನು ತಿಂಗಳಿಗೊಮ್ಮೆ ಎಣಿಸಿ ಬರೆದು ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಸಂಖ್ಯೆ ಇಳಿದರೆ ದಂಡೆಗೆ ಜನ ಬರುವುದನ್ನು ನಿಲ್ಲಿಸಬೇಕಾಗುತ್ತದೆ ಎಂದು ಮೊದಲ ದಿನವೇ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಹೇಳಿ ಹೋಗಿದ್ದರು. ಚಾಚಾ ಅದನ್ನು ಕೇಳಿಸಿಕೊಂಡು ಬೀಡಿ ಹಚ್ಚಿದ್ದರು.

ನಾನು ಬಗ್ಗಿ ಕೈಯಿಂದ ಮರಳು ಕೆದಕುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. “ಎಂತ ಬೇಟಿ, ಕೋಳಿ ಕೆದಕಿದ ಹಾಗೆ? ಚಪ್ಪಲಿ ಬಿಡು. ಕಣ್ಣಿಗೆ ಮೇಲಿಂದಷ್ಟೇ ಕಾಣ್ತದೆ, ಕಾಲಿಗೆ ಒಳಗಿಂದೂ ಕಾಣ್ತದೆ” ಎಂದರು. ಒಂದು ಬೇಸಿಗೆಯಿಡೀ ನಡೆದ ಮೇಲೆ ನನ್ನ ಹಿಮ್ಮಡಿಗೂ ಕಲ್ಲು ಯಾವುದು, ಚಿಪ್ಪು ಯಾವುದು ಎಂದು ಗೊತ್ತಾಗತೊಡಗಿತು.

ನೀರುನಾಯಿಗಳು ದಂಡೆಯ ಮೇಲಿದ್ದರೆ ಅವರು ನನ್ನನ್ನು ನೀರಿಗಿಳಿಯಲು ಬಿಡುತ್ತಿರಲಿಲ್ಲ. “ಅವರ ಊಟ ಮುಗೀಲಿ, ಆಮೇಲೆ ನಾವು” ಎನ್ನುತ್ತಿದ್ದರು, ಮನೆಗೆ ಬಂದ ನೆಂಟರ ವಿಷಯ ಹೇಳಿದಂತೆ. ಓದು ಬರಹ ಅವರಿಗೆ ಬರುತ್ತಿರಲಿಲ್ಲ. ನನ್ನ ಅಕ್ಷರಗಳನ್ನು ಇರುವೆ ಸಾಲು ಎಂದು ಕಿಚಾಯಿಸುತ್ತಿದ್ದರು. ಎಣಿಕೆ ಮುಗಿದ ಕೂಡಲೇ “ಎಷ್ಟು ಸಿಕ್ತು?” ಎಂದು ಕೇಳುತ್ತಿದ್ದರು. ನಾನು ಹೇಳಿದರೆ, “ಬರ್ಕೋ.” ಯಾರನ್ನೂ ಸುಲಭಕ್ಕೆ ನಂಬದ ನಾನು ಅವರನ್ನು ಕಣ್ಣು ಮುಚ್ಚಿ ನಂಬಿದ್ದೆ. ನಾನು ಮೊದಲ ಬಸ್ಸಿಗೆ ಬಂದಿಳಿಯುವ ಹೊತ್ತಿಗೇ ಅವರು ಮೊಣಕಾಲವರೆಗೆ ಒದ್ದೆಯಾಗಿ ದಂಡೆಯ ಮೇಲಿರುತ್ತಿದ್ದರು. ಕೆಲಸದ ಮೇಲೆ ಎಷ್ಟು ಆಸ್ಥೆ ಎಂದು ಮೆಚ್ಚಿಕೊಂಡಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ಮೂರನೆಯ ಬೇಸಿಗೆಯಲ್ಲಿ ಒಂದು ದಿನ, ಎರಡನೆಯ ಗೂಟದ ಬಳಿ ಸಿಕ್ಕ ಚಿಪ್ಪನ್ನು ಸುಮ್ಮನೆ ತಿರುಗಿಸಿ ನೋಡಿದೆ. ಬದುಕಿರುವ ಚಿಪ್ಪು ಮರಳಿನಲ್ಲಿ ಅರ್ಧ ಹುದುಗಿ ನಿಂತಿರುತ್ತದೆ. ಹೊರಗಿರುವ ತುದಿಗೆ ಮಾತ್ರ ಹಸಿರು ಪಾಚಿ ಕಟ್ಟುತ್ತದೆ. ಇದರಲ್ಲಿ ಪಾಚಿಯ ತುದಿ ಕೆಳಗಿತ್ತು. ಪಕ್ಕದ್ದೂ ಹಾಗೆಯೇ. ಮೂರನೆಯ ಗೂಟಕ್ಕೆ ಹೋದೆ, ನಾಲ್ಕನೆಯದಕ್ಕೆ ಹೋದೆ. ಎಲ್ಲೆಡೆ ಯಾರೋ ಗಡಿಬಿಡಿಯಲ್ಲಿ ಊರಿಟ್ಟ ಚಿಪ್ಪುಗಳೇ. ಗೂಟದಿಂದ ನಾಲ್ಕು ಹೆಜ್ಜೆ ಆಚೆಗೆ ಹಿಮ್ಮಡಿ ಊರಿ ನೋಡಿದರೆ ಬರೀ ಕೆಸರು. ಬಂಡೆಯ ಹಿಂದೆ ಒದ್ದೆ ಗೋಣಿಚೀಲ ಬಿದ್ದಿತ್ತು.

“ಎಲ್ಲಿಂದ ತರ್ತಿದ್ರಿ ಚಾಚಾ?”

“ಮೇಲಿನ ಮಡುವಿಂದ.” ಅವರು ಮುಖ ತಿರುಗಿಸಲಿಲ್ಲ. “ಇಲ್ಲಿಂದು ಮುಗೀತಾ ಬಂದು ಎರಡು ವರ್ಷ ಆಯ್ತು. ಕಮ್ಮಿ ಅಂತ ನೀನು ಬರೆದ್ರೆ ದಂಡೆ ಬಂದ್ ಮಾಡ್ತಾರೆ. ಆ ಹೆಂಗಸರು ಎಲ್ಲಿಗೆ ಹೋಗೂದು?”

“ನಂಗಾದ್ರೂ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀನು ಬರೀತಿದ್ದೆ.”

ನಾನು ಸುಳ್ಳು ಬರೆಯುವವಳಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನ್ನ ಕೈಯಿಂದಲೇ ಸುಳ್ಳು ಬರೆಸಿದ್ದರು.

ಸಂಸ್ಥೆಗೆ ಎಲ್ಲವನ್ನೂ ಬರೆದು ಕೊಟ್ಟೆ. ಎರಡು ವರ್ಷದ ನನ್ನ ಹಾಳೆಗಳನ್ನು ಹೊರಗಿಟ್ಟರು. ದಂಡೆಗೆ ಬೇಲಿ ಬಿತ್ತು. ಆಮೇಲೆ ಹುಡುಕಿದಾಗ ಕಾರಣ ಸಿಕ್ಕಿತು: ಮೇಲಿನ ಮಡುವಿನ ಕೆಳಗೆ ಹೊಳೆ ಸೇರುವ ಹಳ್ಳವೊಂದರಲ್ಲಿ ಕದ್ದು ಮರಳು ತೆಗೆಯುತ್ತಿದ್ದರು, ಅಲ್ಲಿಂದ ಹರಿದ ಕೆಸರು ಬಂದು ಚಿಪ್ಪಿನ ಮೇಲೆ ಕೂತಿತ್ತು. ಮೊದಲೇ ಗೊತ್ತಾಗಿದ್ದರೆ ಹೆಂಗಸರ ಬುಟ್ಟಿಗೂ ನೀರುನಾಯಿಯ ಬಾಯಿಗೂ ಏನಾದರೂ ಉಳಿಯುತ್ತಿತ್ತು. ನನ್ನ ಹಾಳೆಯಲ್ಲಿ ಎಲ್ಲವೂ ಸರಿಯಿತ್ತು, ಹಾಗಾಗಿ ಯಾರೂ ಮೇಲೆ ಹೋಗಿ ನೋಡಿರಲಿಲ್ಲ. ನೀರುನಾಯಿಗಳು ಅಷ್ಟರಲ್ಲಾಗಲೇ ಆ ದಂಡೆ ಬಿಟ್ಟಿದ್ದವು. ಚಾಚಾಗೆ ಅದು ಕಂಡಿರಲಿಲ್ಲವೇ? ಕಂಡಿರಲೇಬೇಕು.

ಆಮೇಲೆ ಅವರೊಡನೆ ಮಾತು ಬಿಟ್ಟೆ. ಮುಂದಿನ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ಅವರ ಮಗಳು ಫೋನ್ ಮಾಡಿದಾಗ ಯಲ್ಲಾಪುರಕ್ಕೆ ಹೋದೆ. ಕಂಬಳಿಯಿಂದ ಕಾಲು ಹೊರಗಿತ್ತು. ಅಂಗಾಲು ಒಣಗಿ ಬಿರುಕು ಬಿಟ್ಟಿತ್ತು. ನನ್ನನ್ನು ಕಂಡವರೇ ಕೇಳಿದರು, “ಎಷ್ಟು ಸಿಕ್ತು?”

ಸಾಯುವವರಿಗೆ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಒಂದೂ ಇಲ್ಲ. ಸೊನ್ನೆ ಬರ್ದೆ” ಎಂದೆ.

ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡರು. “ಬರೀತಿ ಅಂತ ಗೊತ್ತಿತ್ತು” ಎಂದರು. ವಾರದೊಳಗೆ ತೀರಿಕೊಂಡರು.

ಅದು ಮೆಚ್ಚುಗೆಯೋ ಆಪಾದನೆಯೋ ನನಗೆ ಇನ್ನೂ ತಿಳಿದಿಲ್ಲ. ನಾನು ಅವರನ್ನು ಕ್ಷಮಿಸಿಲ್ಲ. ಈಗ ಬೇರೆ ಹೊಳೆಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನೀರಿಗಿಳಿಯುವ ಮೊದಲು ಚಪ್ಪಲಿ ಬಿಡುತ್ತೇನೆ. ಹಿಮ್ಮಡಿಗೆ ಚಿಪ್ಪು ಸಿಕ್ಕರೆ ಮೇಲೆತ್ತಿ, ಎಣಿಸುವ ಮೊದಲು ಪಾಚಿ ಯಾವ ಕಡೆಗಿದೆ ಎಂದು ನೋಡುತ್ತೇನೆ. ಎರಡನ್ನೂ ಕಲಿಸಿದವರು ಅವರೇ.