ನಾಯಿಮರಿಯ ಹುಳ, ಅವ್ವನ ಕೈತುತ್ತು

“ಡ್ಯಾನ್‌ವಿಲ್‌ನಲ್ಲಿ ಜಂತುಹುಳಾನಾ? ಚಾನ್ಸೇ ಇಲ್ಲ!”

ಹೀಗೆಂದವಳು ಕ್ಯಾಲಿಫೋರ್ನಿಯಾದ ಆ ಸಿರಿವಂತ ಊರಲ್ಲಿ ಮನೆ ಮಾಡಿರುವ ನನ್ನ ಗೆಳತಿ ವೀಣಾ. ಎರಡು ಮಾಸ್ಟರ್ಸು, ಬಯೋಟೆಕ್ ಕಂಪನಿಯಲ್ಲಿ ಕೆಲಸ. ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ ಅವಳ ಮನೆಯಲ್ಲಿ ನಡೆದಿದ್ದಾಗ ಅವಳ ಹೊಸ ನಾಯಿಮರಿ ಕಾರ್ಪೆಟ್ ಮೇಲೆ ವಾಂತಿ ಮಾಡಿತ್ತು. ಅದರಲ್ಲಿ ಶಾವಿಗೆಯಂಥ ಬಿಳಿ ಹುಳಗಳು. (ತಿಂಡಿ ತಿನ್ನುತ್ತ ಓದುತ್ತಿದ್ದರೆ ಕ್ಷಮಿಸಿ.)

ಪಕ್ಕದಲ್ಲೇ ನಮ್ಮವ್ವ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಮೊಸರನ್ನದ ಕೈತುತ್ತು ಕೊಡುತ್ತಿದ್ದಳು. ಮಂಡ್ಯದ ಹಳ್ಳಿಯಿಂದ ಆಗಷ್ಟೇ ಬಂದಿದ್ದಳು. ವೀಣಾಳ ಮಗ “ಅಜ್ಜೀ, ಒನ್ ಮೋರ್!” ಎಂದು ಕೈ ಚಾಚಿದ್ದ.

ವೀಣಾ ಆ ಕೈಯನ್ನು ಹಿಡಿದೆಳೆದಳು. “ಸಾಕು ಬಿಡಿ ಆಂಟಿ. ನೀವು ಈಗ್ತಾನೆ ಇಂಡಿಯಾದಿಂದ ಬಂದಿದ್ದೀರ. ಮರಿಗೆ ನಿಮ್ಮ ತುತ್ತು ತಿಂದೇ ಹುಳ ಬಂತೋ ಏನೋ.”

ಅವ್ವ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು.

ನಿಜ ಹೇಳಲೇ? ಊರಲ್ಲಿದ್ದಾಗ ನನ್ನ ಹೊಟ್ಟೆಯಲ್ಲೂ ಜಂತುಹುಳ ಇತ್ತು. ಮಾತ್ರೆ ನುಂಗಿದೆ, ಹೋಯಿತು. ಅದೇ ಹೊಟ್ಟೆ ಹೊತ್ತುಕೊಂಡು ಓದಿ, ನಮ್ಮ ವಂಶದ ಮೊದಲ ಡಿಗ್ರಿ ತಗೊಂಡವಳು ನಾನು. ಹುಳ ಇತ್ತೆಂದು ನನಗೆ ನಾಚಿಕೆಯಿಲ್ಲ. ಓದಿದವರ ಈ ಅಸಹ್ಯ ಕಂಡರೆ ನಾಚಿಕೆ.

ಮಾರನೇ ದಿನ ವೀಣಾಳ ಫೋನು. “ನಾಯಿ ಡಾಕ್ಟ್ರು ಹೇಳಿದ್ರು ಕಣೇ, ಮರಿಗಳಿಗೆ ಅದು ತಾಯಿ ಹೊಟ್ಟೇಲೇ ಬಂದ್ಬಿಡುತ್ತಂತೆ. ತುಂಬಾ ಕಾಮನ್ನಂತೆ. ಆದ್ರೂ ಮುಂದಿನ ಪಾಟ್‌ಲಕ್‌ಗೆ ಮುಂಚೆ ಆಂಟೀದು ಒಂದು ಮೋಷನ್ ಟೆಸ್ಟ್ ಮಾಡಿಸ್ಬಿಡು. ಜಸ್ಟ್ ಟು ಬಿ ಸೇಫ್.”

ಆದ್ರೂ! ಮರಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅದರ ತಾಯಿಯೂ ಇಲ್ಲಿಯದೇ. ಅನುಮಾನಕ್ಕೆ ಮಾತ್ರ ಮಂಡ್ಯವೇ ಬೇಕು! ಹೇಳುತ್ತಿರುವವಳಾದರೂ ಯಾರು? ಹಾಸನದ ಹುಡುಗಿ. ಗ್ರೀನ್‌ಕಾರ್ಡ್ ಬಂದ ಕೂಡಲೇ ನಮ್ಮ ಹೊಟ್ಟೆಗಳೂ ಅಮೆರಿಕನ್ ಆಗಿಬಿಡುತ್ತವೆಯೇ?

ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಕೂಗಾಡಿದೆ. ಅವ್ವ ಒಪ್ಪಲಿಲ್ಲ.

“ಮಾಡ್ಸು ಮಗಾ. ಅವ್ರವ್ವ ಎಳುದ್ರೂ ಆ ಕೂಸು ಕೈ ಚಾಚ್ಕಂಡೇ ಇತ್ತು.”

ಮಾಡಿಸಿದೆವು. ಹುಳವೂ ಇಲ್ಲ, ಹುಳದ ಮೊಟ್ಟೆಯೂ ಇಲ್ಲ. ಡಾಕ್ಟರ್ ಸಹಿ ಹಾಕಿ ಸರ್ಟಿಫಿಕೇಟ್ ಕೊಟ್ಟರು.

ಕಳೆದ ಶನಿವಾರ ನಮ್ಮ ಮನೆಯಿರುವ ಬೆರ್ರಿಯೆಸಾದಿಂದ ಮತ್ತೆ ಡ್ಯಾನ್‌ವಿಲ್‌ಗೆ ಹೋದೆವು. ಸೋಫಾದಲ್ಲಿ ನಾಯಿಮರಿ ವೀಣಾಳ ಮಗನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೆಕ್ಕುತ್ತಿತ್ತು. ವೀಣಾ ನಗುತ್ತ ಫೋಟೊ ತೆಗೆಯುತ್ತಿದ್ದಳು.

ಅವ್ವ ಸರ್ಟಿಫಿಕೇಟನ್ನು ಅವಳ ಕೈಗಿಟ್ಟಳು.

“ಒಂದ್ ತುತ್ತು ತಿನ್ಸಕ್ಕೆ ನಾನು ಇದ್ನ ತಂದಿವ್ನಿ ಕಣವ್ವ. ಮಖ ನೆಕ್ಕಕ್ಕೆ ಆ ನಾಯಿ ಏನ್ ತಂದೈತೆ?”