ಸುಲೇಪೇಟದ ಅರ್ಧ ಹೂವು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಅವರ ಎದುರಿಗೇ ನಗುತ್ತಿದ್ದವಳು. ನಮ್ಮ ಶಹಾಬಾದಿನಲ್ಲಿ ಹಳೆಯ ಗಣಿ ಹೊಂಡಗಳ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಥೆ. ನಾನು ಯಾವುದನ್ನೂ ನಂಬಿರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನನಗೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಓದಿ ನೀವೇ ವಿಚಾರ ಮಾಡಿ.

ಮದುವೆ ಆಲ್ಬಮ್‌ಗಳ ಪುಟ ಜೋಡಿಸುವುದು ನನ್ನ ಉದ್ಯೋಗ. ಕೆಲವು ವರ್ಷಗಳ ಹಿಂದೆ ನಾನೂ ಕಾಲೇಜಿನ ಗೆಳೆಯ ಸಿದ್ದುವೂ ಸೇರಿ ಒಂದು ಸಣ್ಣ ಕಂಪ್ಯೂಟರ್ ಗೇಮ್ ಮಾಡಲು ಕೂತೆವು. ಕೋಡ್ ಅವನದು, ಚಿತ್ರಗಳು ನನ್ನವು. ಒಂದು ಪಾಳು ಮನೆ, ಅದರಲ್ಲಿ ಓಡಾಡುವ ಹೆಂಗಸಿನ ದೆವ್ವ, ಒಂದೊಂದೇ ಕೋಣೆ ದಾಟಿ ಹೋಗಬೇಕಾದ ಆಟಗಾರ. ಇಷ್ಟೇ ಆಟ.

ಆ ಹೆಂಗಸಿನ ಮುಖ ನನಗೆ ಸಿಕ್ಕಿದ್ದು ವಾಡಿ ಸ್ಟೇಷನ್ ಹತ್ತಿರದ ಗುಜರಿ ಅಂಗಡಿಯಲ್ಲಿ. ಬಿಸ್ಕತ್ತಿನ ಡಬ್ಬಿಯ ತುಂಬ ಹಳೆಯ ಫೋಟೋಗಳಿದ್ದವು. ಅದರಲ್ಲೊಂದು ಕಪ್ಪು ಬಿಳುಪಿನದು. ಎಳೆಯ ವಯಸ್ಸಿನ ಹೆಂಗಸೊಬ್ಬಳು ಗೋಡೆಯ ಗೂಡಿಗೆ ಮೊಳಕೈ ಊರಿ, ನಗು ತಡೆದುಕೊಂಡವಳಂತೆ ನಿಂತಿದ್ದಳು. ಹಿಂದೆ ಬರೀ ಸುಣ್ಣದ ಗೋಡೆ, ಕಾಲ ಕೆಳಗೆ ನಮ್ಮ ಕಡೆಯ ಕಲ್ಲಿನ ಫರಸಿ, ಅಂಚಿಗೆ ಮೆಟ್ಟಿಲಿನ ಒಂದು ಚೂರು. ಫೋಟೋದ ಮೇಲೆಯೇ ಬಣ್ಣ ಬಳಿದು ಅವಳನ್ನು ದೆವ್ವ ಮಾಡಿದೆ. ಆ ಮೆಟ್ಟಿಲಿನ ಚೂರನ್ನು ಹಿಡಿದು ಉಳಿದ ಮನೆಯನ್ನೆಲ್ಲ ನಾನೇ ಕಲ್ಪಿಸಿ ಬಿಡಿಸಿದೆ. ಎಡಕ್ಕೆ ತಿರುಗುವ ಇಕ್ಕಟ್ಟಾದ ಹಾದಿ, ಹಿತ್ತಲ ಅಂಗಳ, ದಾಳಿಂಬೆ ಗಿಡ, ಎದುರು ಗೋಡೆಯಲ್ಲಿ ಬಗ್ಗಿ ಹೋಗಬೇಕಾದ ಗಿಡ್ಡ ಬಾಗಿಲು. ಬಾಗಿಲ ಮೇಲಿನ ಅಡ್ಡಗಲ್ಲಿಗೆ ಒಂದು ಹೂವು ಬರೆದೆ. ಅರ್ಧ ಬರೆದು, ಅದನ್ನೇ ಕನ್ನಡಿಯಂತೆ ತಿರುಗಿಸಿ ಇನ್ನರ್ಧಕ್ಕೆ ಅಂಟಿಸಿದರಾಯಿತು ಎಂದುಕೊಂಡವಳು ಮರೆತೇ ಬಿಟ್ಟೆ. ಅದು ಹಾಗೇ ಉಳಿಯಿತು.

ಗೇಮ್ ಮಾರಾಟಕ್ಕೆ ಬಿಡುವ ಮುಂಚೆ, ಚಿತ್ತಾಪುರ ಕೋರ್ಟಿನಲ್ಲಿ ವಕೀಲಿ ಮಾಡುವ ಗೆಳತಿ ಶೈಲಾಗೆ ತೋರಿಸಿದೆ. ಹೊಗಳುತ್ತಾಳೆಂದು ಕಾದರೆ ಆಕೆ ಕೇಳಿದ್ದು ಒಂದೇ ಮಾತು, ಈ ಫೋಟೋ ಯಾರದು.

"ನಂದೇ. ಗುಜರಿಯಾಗ ಕೊಂಡೀನಿ," ಎಂದೆ.

"ನೀ ಕೊಂಡಿದ್ದು ಬರೇ ಕಾಗದ. ಅದರಾಗಿನ ಚಿತ್ರ ಕೊಂಡಿಲ್ಲ."

ಹಳೆಯದಾದ ಮಾತ್ರಕ್ಕೆ, ಬೀದಿಯಲ್ಲಿ ಸಿಕ್ಕ ಮಾತ್ರಕ್ಕೆ ಫೋಟೋ ವಾರಸುದಾರರಿಲ್ಲದ್ದು ಆಗುವುದಿಲ್ಲ ಎಂದು ಆಕೆ ತಿಳಿಸಿ ಹೇಳಿದಳು. ಸಾಮಾನ್ಯವಾಗಿ ಕಾಪಿರೈಟ್ ತೆಗೆದವನದು. ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರದು. ಮೇಲೆ ಬಣ್ಣ ಬಳಿದರೂ ಮೂಲ ಅದೇ. "ಕಾನೂನು ಬಾಜೂಕ ಇಡು. ಆ ಮಾರಿ ಒಬ್ಬಾಕಿದು ಅಲ್ಲೇನು? ಆಕಿನ ದೆವ್ವ ಮಾಡೀಯಲ್ಲ, ಆಕಿ ಮನ್ಯಾಗಿನವ್ರು ನೋಡಿದ್ರ ಏನಂತಾರ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಮುಖ ತೆಗೆದರೆ ನಮ್ಮಿಬ್ಬರ ಅಷ್ಟು ದಿನದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಫೋಟೋದ ಹಿಂದೆ ಸುಲೇಪೇಟದ ಒಂದು ಸ್ಟುಡಿಯೋದ ಮಸುಕಾದ ಮೊಹರು ಇತ್ತು. ಒಪ್ಪಿಗೆ ಕೇಳಿಯೇ ಬಿಡೋಣವೆಂದು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಫೋಟೋಗ್ರಾಫರ್ ತೀರಿಹೋಗಿದ್ದರು, ಅವರ ಮಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಫೋಟೋ ಕೈಗೆ ಕೊಟ್ಟೊಡನೆ ಗುರುತು ಹಿಡಿದ.

"ತೆಗೆದಿದ್ದು ನಮ್ಮಪ್ಪನೇ. ಮನಿಗೆ ಕರೆಸಿ ರೊಕ್ಕ ಕೊಟ್ಟು ತೆಗೆಸ್ಯಾರ, ಹಾಂಗಾಗಿ ನಂದೇನೂ ತಕರಾರಿಲ್ರಿ. ನೀವು ಅವ್ರಿಗೇ ಕೇಳ್ರಿ. ಬಳಿ ಮಾರೋರ ಮನಿ ಜುಲೇಖಾಬಿ. ಮಸೀದಿ ಹಿಂದಿನ ಓಣ್ಯಾಗ ಅದಾರ."

"ಅದಾರ?" ಎಂದೆ.

"ಗಟ್ಟಿಮುಟ್ಟಾಗಿ ಅದಾರ."

ಬದುಕಿರುವವರನ್ನು ದೆವ್ವ ಮಾಡಿಟ್ಟಿದ್ದೆ. ಅಲ್ಲಿಂದಲೇ ವಾಪಸ್ ಬಸ್ಸು ಹಿಡಿಯಬೇಕೆನಿಸಿತು.

ಮನೆಯ ಬಾಗಿಲು ತೆರೆದದ್ದು ಸೊಸೆ ನಸ್ರೀನ್. ಹಾಡಹಗಲು, ಒಗ್ಗರಣೆಯ ವಾಸನೆ, ಪಕ್ಕದಲ್ಲೆಲ್ಲೋ ಟೀವಿಯ ಸದ್ದು. ಹೆದರಿಸುವಂಥದ್ದು ಏನೂ ಇರಲಿಲ್ಲ. ಅತ್ತೆ ಹಿಂದಿನ ಅಂಗಳದಲ್ಲಿದ್ದಾರೆ ಎಂದಳು. ನಾನು ಚಪ್ಪಲಿ ಬಿಟ್ಟು, ಮೆಟ್ಟಿಲಿನ ಪಕ್ಕದಿಂದ ಹಾದು, ಎಡಕ್ಕೆ ತಿರುಗಿ, ಇಕ್ಕಟ್ಟಾದ ಹಾದಿಯಲ್ಲಿ ತಲೆ ಬಗ್ಗಿಸಿ ನಡೆದೆ. ನಸ್ರೀನ್ ಹಿಂದಿನಿಂದ ಕೇಳಿದಳು.

"ನೀವು ಮೊದ್ಲ ಇಲ್ಲಿ ಬಂದಿದ್ರೇನು?"

ಆಗ ಎಚ್ಚರವಾಯಿತು. ದಾರಿ ತೋರಿಸಬೇಕಾದವಳು ನನ್ನ ಹಿಂದಿದ್ದಳು.

ಅಂಗಳದಲ್ಲಿ ದಾಳಿಂಬೆ ಗಿಡವಿತ್ತು, ನಾನಿಟ್ಟ ಮೂಲೆಯಲ್ಲೇ. ನಮ್ಮ ಸೀಮೆಯ ಹಳೆಯ ಮನೆಗಳೆಲ್ಲ ಒಂದೇ ನಮೂನೆ, ದಾಳಿಂಬೆ ಯಾರ ಮನೆಯಲ್ಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಎದುರು ಗೋಡೆ ನೋಡಿದೆ. ಬಾಗಿಲಿರಲಿಲ್ಲ. ಮೇಲಿಂದ ಕೆಳತನಕ ಬರೀ ಸುಣ್ಣದ ಗೋಡೆ. ಅಬ್ಬಾ ಎನಿಸಿತು.

ಜುಲೇಖಾಬಿ ಹೊರಸಿನ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. "ಕುಂದ್ರಿ" ಎಂದು ಜಾಗ ಮಾಡಿಕೊಟ್ಟರು. ಬಂದ ಕಾರಣವನ್ನು ತಡವರಿಸುತ್ತ ಹೇಳಿ, ಫೋಟೋ ಕೊಟ್ಟು, ಗೇಮ್ ತೆರೆದೆ. ದೆವ್ವದ ವಿಷಯ ಬಂದಾಗ ಅವರು ಸೊಸೆಯ ಕಡೆ ನೋಡಿ ನಕ್ಕರು. "ಇವ್ಳಿಗೆ ನಾ ಈಗೇ ಹಾಂಗ ಕಾಣ್ತೀನಿ."

ಪರದೆಯ ಮೇಲೆ ಅಂಗಳ ಬಂದಾಗ ಮಾತ್ರ ಅವರ ನಗು ನಿಂತಿತು. ಬೆರಳನ್ನು ಆ ಗಿಡ್ಡ ಬಾಗಿಲಿನ ಮೇಲೆ ಇಟ್ಟರು.

"ಇದು ನಿಮ್ಗ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಬಿಡಿಸಿದ್ದು."

"ಅಣ್ಣತಮ್ಮರು ಪಾಲಾದಾಗ ಈ ಬಾಗಲಾ ಮುಚ್ಚಿಸ್ಯಾರ. ನಸ್ರೀನ್ ಬಂದಾಗ ಇದು ಇರ್ಲೇ ಇಲ್ಲ." ಬೆರಳನ್ನು ಬಾಗಿಲ ಮೇಲಿನ ಹೂವಿಗೆ ಸರಿಸಿ ಮತ್ತೆ ಹೇಳಿದರು. "ಹೂವು ಕೆತ್ತಾಕತ್ತಿದ್ದ ಕಲ್ಲುಕುಟಿಗ ಕೆಲ್ಸ ಅರ್ಧಕ್ಕ ಬಿಟ್ಟು ಹೈದ್ರಾಬಾದಿಗೆ ಹೋದ. ಮತ್ತ ಬರ್ಲಿಲ್ಲ. ಹೂವು ಹಾಂಗೇ ಉಳೀತು."

ನಸ್ರೀನ್ ಎದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಒಂದು ಚೊಂಬು ನೀರು ಸುರಿದಳು. ಕಿತ್ತ ಅಡ್ಡಗಲ್ಲನ್ನೇ ಅಲ್ಲಿ ಹಾಸಿದ್ದರಂತೆ. ಸೋಪಿನ ಕರೆ ಹೋದ ಮೇಲೆ ಅದರ ಬದಿಯಲ್ಲಿ ಅರ್ಧ ಹೂವು ಕಂಡಿತು. ಎಡಗಡೆ ಎಸಳುಗಳು, ಬಲಗಡೆ ಬರೀ ಕಲ್ಲು. ನಾನು ಬರೆದದ್ದೂ ಎಡಗಡೆಯನ್ನೇ.

ಜುಲೇಖಾಬಿ ಮತ್ತೆ ಪರದೆಯ ಕಡೆ ತಿರುಗಿ ಕೇಳಿದರು, "ಒಳಗ ಏನಿಟ್ಟೀರಿ? ಬಾಗಲಾ ತೆಗೀರಿ." ಒಳಗಿನದನ್ನು ನಾನಿನ್ನೂ ಬಿಡಿಸಿರಲಿಲ್ಲ. ತೆರೆದರೆ ಬರೀ ಕತ್ತಲೆ. ಅವರು ನಿಧಾನವಾಗಿ ಹೇಳುತ್ತ ಹೋದರು. ಅದು ಅಣ್ಣತಮ್ಮಂದಿರ ಎರಡು ಮನೆಗಳ ನಡುವಿನ ಕೋಣೆ. ಹಬ್ಬ ಬಂತೆಂದರೆ ನೆಗೆಣ್ಣಿಯರೆಲ್ಲ ಅಲ್ಲೇ ಕೂತು ಶಾವಿಗೆ ಹೊಸೆಯುತ್ತಿದ್ದರು. ಗಳದ ಮೇಲೆ ಶಾವಿಗೆ ಒಣಗುತ್ತಿತ್ತು, ಕೆಳಗೆ ಮಕ್ಕಳು ಮಲಗಿರುತ್ತಿದ್ದವು.

ಒಪ್ಪಿಗೆ ಕೊಟ್ಟರು. ತೀರಿಹೋದ ಅವರ ಗಂಡ ತೆಗೆಸಿದ ಫೋಟೋ ಅದು, ಹಾಗಾಗಿ ಮಗನೂ ಸಹಿ ಹಾಕಿದ. ಶರತ್ತು ಒಂದೇ. "ನನ್ನ ಸತ್ತೋರಂಗ ತೋರಿಸ್ಬ್ಯಾಡ್ರಿ." ದೆವ್ವವನ್ನು ತೆಗೆದುಹಾಕಿದೆವು. ಈಗ ಆಟದಲ್ಲಿ ಆ ಬಾಗಿಲು ತೆರೆದರೆ ಹೆಂಗಸರು ಶಾವಿಗೆ ಹೊಸೆಯುತ್ತ ಕೂತಿರುತ್ತಾರೆ, ಆಟಗಾರನಿಗೂ ಜಾಗ ಮಾಡಿಕೊಡುತ್ತಾರೆ.

ಫೋಟೋವನ್ನು ಆಮೇಲೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಸುಳಿವು ಸಿಗಲಿಲ್ಲ. ಫೋಟೋ ತೆಗೆದದ್ದು ಮೆಟ್ಟಿಲ ಹತ್ತಿರ, ಆ ಬಾಗಿಲಿದ್ದ ಗೋಡೆ ಹಿಂದಿನ ಅಂಗಳದ್ದು, ಅದರಲ್ಲಿ ಬಂದೇ ಇಲ್ಲ. ಸಿದ್ದು ಕಾಕತಾಳೀಯ ಎನ್ನುತ್ತಾನೆ. ಶೈಲಾ, ಅನುಮತಿ ಸಿಕ್ಕಿತಲ್ಲ, ಸುಮ್ಮನಿರು ಎನ್ನುತ್ತಾಳೆ. ಇಬ್ಬರ ಮಾತಿಗೂ ನಾನು ಹೂಂ ಎನ್ನುತ್ತೇನೆ. ಈಗ ಹೊಸ ಗೇಮಿನ ಕೆಲಸ ನಡೆದಿದೆ. ಖಾಲಿ ಗೋಡೆಯೊಂದನ್ನು ಬಿಡಿಸಿ, ಇಲ್ಲೊಂದು ಕಿಟಕಿ ಇಡೋಣ ಎಂದುಕೊಂಡಾಗ, ಕೈ ಒಂದು ಗಳಿಗೆ ತಾನಾಗಿ ನಿಲ್ಲುತ್ತದೆ.